ಗ್ರಾಂಟ್‌ಚೆಸ್ಟರಿನಲ್ಲಿ ರೋಮನ್ ಕೋಟೆ ಇತ್ತಾ? ಒಂದು ಹಳ್ಳಿಯ ಹೆಸರು ಬದಲಾದ ಬಗೆ

ಓದುಗರ ಪ್ರಶ್ನೆ: ನಾವು ಇಂಗ್ಲೆಂಡಿನ ಕೇಂಬ್ರಿಡ್ಜ್ ಪಕ್ಕದ ಗ್ರಾಂಟ್‌ಚೆಸ್ಟರ್ ಹಳ್ಳಿಯಲ್ಲಿ ಈಚೆಗೆ ಮನೆ ತೆಗೆದುಕೊಂಡೆವು. ಊರಿನವರೆಲ್ಲ ಸೇರಿ ಒಂದು ಚಿಕ್ಕ ಪುಸ್ತಿಕೆ ಮಾಡುತ್ತಿದ್ದಾರೆ. ಊರಿನ ಹೆಸರಿನ ಬಗ್ಗೆ ಒಂದು ಪುಟ ಬರೆದುಕೊಡಿ ಅಂತ ನನ್ನನ್ನು ಕೇಳಿದರು. ಸುಲಭ ಅಂದುಕೊಂಡು ಒಪ್ಪಿಕೊಂಡೆ. ಪಕ್ಕದ ಮನೆಯ ಹಿರಿಯರು ಹೇಳಿದ್ದು ಇಷ್ಟು: ಚೆಸ್ಟರ್ ಅಂದರೆ ರೋಮನ್ ಕೋಟೆ, ಮ್ಯಾಂಚೆಸ್ಟರಿನಲ್ಲಿ ಇರುವ ಹಾಗೆ. ಇಲ್ಲೊಂದು ರೋಮನ್ ಪಟ್ಟಣ ಇತ್ತು. ಈಲಿ ಮಠದವರು ಒಬ್ಬ ರಾಣಿಗೆ ಕಲ್ಲಿನ ಶವಪೆಟ್ಟಿಗೆ ಹುಡುಕಿಕೊಂಡು ಇಲ್ಲಿಗೇ ಬಂದಿದ್ದರು. ಬೀಡ್ ಎಂಬ ಸನ್ಯಾಸಿ ಅದನ್ನು ಬರೆದಿಟ್ಟಿದ್ದಾನೆ. ಆದರೆ ಇಂಟರ್ನೆಟ್‌ನಲ್ಲಿ 1086ರ ಡೂಮ್ಸ್‌ಡೇ ದಾಖಲೆ (ಇಂಗ್ಲೆಂಡಿನ ಊರು, ಜಮೀನುಗಳ ಸರ್ಕಾರಿ ಲೆಕ್ಕದ ಪುಸ್ತಕ) ನೋಡಿದರೆ ಊರಿನ ಹೆಸರು 'ಗ್ರಾಂಟೆಸೆಟ' ಅಂತಿದೆ. ಚೆಸ್ಟರ್ ಎಲ್ಲೂ ಇಲ್ಲ! ಫ್ರೆಂಚ್ ಗುಮಾಸ್ತ ತಪ್ಪು ಬರೆದನಾ? ಅಥವಾ ಅದು ಬೇರೆ ಊರಾ? ಸಾಲದ್ದಕ್ಕೆ ಇಲ್ಲಿನ ಹೊಳೆಗೆ ಕೆಲವರು ಕ್ಯಾಮ್ ಅಂತಾರೆ, ಕೆಲವರು ಗ್ರಾಂಟಾ ಅಂತಾರೆ. ನಮ್ಮ ಬೆಂದಕಾಳೂರಿನ ಥರ ಇದೂ ಕಟ್ಟುಕಥೆಯೇ? ಹೊರಗಿನಿಂದ ಬಂದವಳು ನಾನು. ಊರಿನವರಿಗೆ ಬೇಜಾರಾಗದ ಹಾಗೆ ಏನು ಬರೆಯಲಿ? ಇನ್ನೊಂದು ಮಾತು. ಮನೆಗೆ 'ಗ್ರಾಂಟೆಸೆಟ' ಅಂತಲೇ ಹೆಸರಿಡೋಣ ಅಂತ ನಮ್ಮೆಜಮಾನರು ಹಟ ಹಿಡಿದಿದ್ದಾರೆ. ಇಡಬಹುದಾ?

ಉತ್ತರ:

ಮೇಡಂ, ಡೂಮ್ಸ್‌ಡೇ ತೆಗೆದು ನೋಡಿದ್ದು ಒಳ್ಳೆಯದಾಯಿತು. ಹೆಚ್ಚಿನವರು ನೆರೆಯವರ ಮಾತು ಬರೆದುಕೊಂಡು ಅಲ್ಲಿಗೇ ಬಿಡುತ್ತಾರೆ.

ಮೊದಲು ನೇರ ಉತ್ತರ ಕೊಡುತ್ತೇನೆ. ಗುಮಾಸ್ತ ತಪ್ಪು ಬರೆದಿಲ್ಲ. ಅದು ಬೇರೆ ಊರೂ ಅಲ್ಲ. ಗ್ರಾಂಟೆಸೆಟ ಅನ್ನುವುದೇ ನಿಮ್ಮ ಊರಿನ ಹಳೆಯ ಹೆಸರು, ಚೆಸ್ಟರ್ ಆಮೇಲೆ ಬಂದು ಸೇರಿಕೊಂಡದ್ದು. ನಿಮ್ಮ ನೆರೆಯವರು ಹೇಳಿದ ಶವಪೆಟ್ಟಿಗೆಯ ಕಥೆ ಬೀಡನ ಪುಸ್ತಕದಲ್ಲಿ ಇರುವುದು ನಿಜ. ಆದರೆ ಅದು ನಡೆದದ್ದು ನಿಮ್ಮ ಊರಿನಲ್ಲಲ್ಲ, ಮೂರು-ನಾಲ್ಕು ಕಿಲೋಮೀಟರ್ ಆಚೆ, ಈಗಿನ ಕೇಂಬ್ರಿಡ್ಜ್ ಪಟ್ಟಣದಲ್ಲಿ. ಹಳ್ಳಿ, ಪಟ್ಟಣ, ಹೊಳೆ ಈ ಮೂರೂ ಒಂದರ ಹೆಸರನ್ನು ಇನ್ನೊಂದು ತೆಗೆದುಕೊಂಡಿವೆ, ಬಿಟ್ಟುಕೊಟ್ಟಿವೆ. ಗೊಂದಲ ಹುಟ್ಟಿರುವುದು ಅಲ್ಲಿ. ಹಾಗಾಗಿ ಹಳ್ಳಿಯ ಬಗ್ಗೆ ಹೇಳಬೇಕಾದರೆ ಹೊಳೆಯಿಂದಲೇ ಶುರು ಮಾಡಬೇಕು.

ಹೊಳೆಯ ಮೂಲ ಹೆಸರು ಗ್ರಾಂಟಾ. ಇದು ಇಂಗ್ಲಿಷ್ ಹೆಸರಲ್ಲ. ಇಂಗ್ಲಿಷರ ಪೂರ್ವಜರಾದ ಆಂಗ್ಲೋ-ಸ್ಯಾಕ್ಸನರು ಬರುವ ಮುಂಚೆ ಅಲ್ಲಿದ್ದ ಕೆಲ್ಟಿಕ್ ಭಾಷೆಯವರು ಇಟ್ಟದ್ದು. ಕೆಸರು ಹೊಳೆ, ಜೌಗಿನ ಹೊಳೆ ಎಂಬ ಅರ್ಥ ಇರಬಹುದು ಅಂತ ಭಾಷಾ ವಿದ್ವಾಂಸರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಇದು ಸಾಮಾನ್ಯ. ಊರುಗಳ ಹೆಸರು ಬದಲಾದರೂ ದೊಡ್ಡ ಹೊಳೆಗಳ ಹೆಸರು ಹಳೆಯದೇ ಉಳಿದಿರುತ್ತದೆ, ಥೇಮ್ಸ್ ಕೂಡ ಹಾಗೆಯೇ. ಹೊಸದಾಗಿ ಬಂದವರು ಊರು ಕಟ್ಟುತ್ತಾರೆ, ಅದಕ್ಕೆ ತಮ್ಮ ಹೆಸರು ಇಡುತ್ತಾರೆ. ಹೊಳೆಯ ಹೆಸರನ್ನು ಮಾತ್ರ ಅಲ್ಲಿದ್ದವರನ್ನು ಕೇಳಿ ತಿಳಿದುಕೊಳ್ಳುತ್ತಾರೆ.

ಈಗ ಬೀಡ್ ಏನು ಬರೆದಿದ್ದಾನೆ ನೋಡೋಣ. ಇಂಗ್ಲಿಷರ ಕ್ರೈಸ್ತ ಧರ್ಮದ ಇತಿಹಾಸವನ್ನು ಅವನು ಲ್ಯಾಟಿನ್‌ನಲ್ಲಿ ಬರೆದು ಮುಗಿಸಿದ್ದು 731ರಲ್ಲಿ. ಈಲಿ ಮಠ ಕಟ್ಟಿದ ರಾಣಿ ಎಥೆಲ್‌ಥ್ರಿತ್ 679ರಲ್ಲಿ ತೀರಿಕೊಂಡಳು. ಅವಳನ್ನು ಮರದ ಪೆಟ್ಟಿಗೆಯಲ್ಲಿ ಹೂಳಿದ್ದರು. ಹದಿನಾರು ವರ್ಷದ ನಂತರ ಅವಳ ಅಕ್ಕ, ಆಗಿನ ಮಠಾಧಿಕಾರಿಣಿ, ಮೂಳೆಗಳನ್ನು ತೆಗೆದು ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಒಳಗೆ ತರಬೇಕೆಂದು ಹೇಳಿದಳು. ಈಲಿ ಸುತ್ತ ಬರೀ ನೀರು, ಜೌಗು. ದೊಡ್ಡ ಕಲ್ಲು ಎಲ್ಲೂ ಇಲ್ಲ. ಮಠದವರು ದೋಣಿ ಹತ್ತಿ ಹೊರಟರು. ಪಾಳುಬಿದ್ದ ಒಂದು ಚಿಕ್ಕ ಪಟ್ಟಣ ಸಿಕ್ಕಿತು. ಅದರ ಗೋಡೆಯ ಪಕ್ಕ ಬಿಳಿ ಅಮೃತಶಿಲೆಯ ಪೆಟ್ಟಿಗೆ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ ಎರಡೂ ಇದ್ದವು. ಆ ಪಾಳು ಪಟ್ಟಣವನ್ನು ಇಂಗ್ಲಿಷರು 'ಗ್ರಾಂಟಕೈಸ್ಟಿರ್' ಅನ್ನುತ್ತಾರೆ ಅಂತ ಬೀಡ್ ಬರೆಯುತ್ತಾನೆ.

ಹೆಸರು ಕೇಳಿದ ಕೂಡಲೇ ಗ್ರಾಂಟ್‌ಚೆಸ್ಟರ್ ಅನ್ನಿಸುತ್ತದೆ, ಅಲ್ವಾ? ಶತಮಾನಗಟ್ಟಲೆ ಎಲ್ಲರಿಗೂ ಹಾಗೇ ಅನ್ನಿಸಿತು. ನಿಮ್ಮ ನೆರೆಯವರನ್ನು ದೂರುವಂತಿಲ್ಲ. ಹಳೆಯ ಕಾಲದ ಇತಿಹಾಸಕಾರರೇ ಆ ದಾರಿಯಲ್ಲಿ ಹೋಗಿದ್ದರು.

ಆದರೆ ಬೀಡನ ಮಾತಿನಲ್ಲಿ ಒಂದು ಸುಳಿವಿದೆ: ಗೋಡೆ. ಗೋಡೆ ಕಟ್ಟಿದ ರೋಮನ್ ಪಟ್ಟಣ ಇದ್ದದ್ದು ಕೇಂಬ್ರಿಡ್ಜ್‌ನ ಕ್ಯಾಸಲ್ ಹಿಲ್ ಮೇಲೆ. ನೀವು ಆ ದಿಬ್ಬ ಹತ್ತಿರಬಹುದು. ರೋಮನರ ಕಾಲದಲ್ಲಿ ಅದರ ಹೆಸರು ಡ್ಯೂರೋಲಿಪೋಂಟೆ ಅಂತ ಸಾಮಾನ್ಯವಾಗಿ ಗುರುತಿಸುತ್ತಾರೆ. ನಿಮ್ಮ ಹಳ್ಳಿಯಲ್ಲಿ ಅಂಥ ಗೋಡೆ ಇದ್ದ ಗುರುತಿಲ್ಲ. ಹೊಲದಲ್ಲಿ ರೋಮನ್ ಮಡಕೆ ಚೂರು ಸಿಕ್ಕಿತು ಅಂತ ಯಾರಾದರೂ ತೋರಿಸಬಹುದು. ಆ ಸೀಮೆಯಲ್ಲಿ ಅದು ಅಪರೂಪವೇನಲ್ಲ. ಚೂರು ಸಿಕ್ಕಿದಲ್ಲೆಲ್ಲ ಕೋಟೆ ಇತ್ತು ಅನ್ನಲಾಗದು.

ಹಾಗಾದರೆ ಆ ಗ್ರಾಂಟಕೈಸ್ಟಿರ್ ಎಲ್ಲಿ ಹೋಯಿತು? ಹೆಸರು ಬಿದ್ದುಹೋಯಿತು. ಜಾಗ ಅಲ್ಲೇ ಇದೆ. ಪಾಳು ಪಟ್ಟಣದ ಕೆಳಗೆ ಹೊಳೆಗೆ ಸೇತುವೆ ಆಯಿತು, ಜನ ಸೇತುವೆಯ ಹೆಸರಿನಿಂದ ಊರನ್ನು ಕರೆಯತೊಡಗಿದರು. 875ರಲ್ಲಿ ಡೇನರ (ಡೆನ್ಮಾರ್ಕ್ ಕಡೆಯ ದಾಳಿಕಾರರ) ಸೈನ್ಯ ಬಂದು ಒಂದು ವರ್ಷ ಅಲ್ಲಿ ಬೀಡುಬಿಟ್ಟಿತ್ತು. ಆಗ ಆಂಗ್ಲೋ-ಸ್ಯಾಕ್ಸನ್ ಕಾಲಾನುಕ್ರಮಣಿಕೆ ಎಂಬ ವರ್ಷವಾರು ದಾಖಲೆ ಬರೆಯುವ ಹೆಸರು 'ಗ್ರಾಂಟೆಬ್ರಿಜೆ', ಅಂದರೆ ಗ್ರಾಂಟಾ ಹೊಳೆಯ ಸೇತುವೆ. ಡೂಮ್ಸ್‌ಡೇಯಲ್ಲಿ ಅದೇ 'ಗ್ರೆಂಟೆಬ್ರಿಜೆ' ಆಗಿದೆ. ಈಗಿನ ಕೇಂಬ್ರಿಡ್ಜ್ ಇದೇ.

ಅದೇ ಹೊತ್ತಿನಲ್ಲಿ ಹೊಳೆಯ ಮೇಲ್ಭಾಗದಲ್ಲಿ ಇನ್ನೊಂದು ಗುಂಪಿನ ಜನ ನೆಲೆಸಿದ್ದರು. ಹಳೆಯ ಇಂಗ್ಲಿಷಿನಲ್ಲಿ 'ಸ್ಯಾಟೆ' ಅಂದರೆ ನೆಲೆಸಿದವರು. ಗ್ರಾಂಟಾ ಹೊಳೆಯ ಪಕ್ಕ ನೆಲೆಸಿದವರು ಗ್ರಾಂಟಸ್ಯಾಟೆ. ಮೊದಲು ಜನರ ಹೆಸರು, ಆಮೇಲೆ ಆ ಜನ ಇರುವ ಜಾಗದ ಹೆಸರು. ಡೂಮ್ಸ್‌ಡೇಯ 'ಗ್ರಾಂಟೆಸೆಟ', 'ಗ್ರಾಂಟೆಸೆಟೆ' ಎರಡೂ ಇದರ ರೂಪಗಳೇ.

ಈ 'ಸ್ಯಾಟೆ' ನಿಮಗೆ ಹೊಸದಲ್ಲ. ಸಾಮರ್‌ಸೆಟ್, ಡಾರ್ಸೆಟ್ ಎರಡರ ಕೊನೆಯಲ್ಲೂ ಇರುವುದು ಇದೇ. ಸಾಮರ್ಟನ್ ಊರಿನ ಸುತ್ತಲಿನ ಜನ ಸಾಮರ್‌ಸೆಟ್ ಆದರು. ಡೋರ್ಚೆಸ್ಟರ್ ಕಡೆಯ ಜನ ಡಾರ್ಸೆಟ್ ಆದರು. ಈಗಿನ ಡರ್ಬಿಷೈರಿನ ಪೀಕ್ ಬೆಟ್ಟದ ಸೀಮೆಯಲ್ಲಿ ಪೆಕ್‌ಸ್ಯಾಟೆ ಎಂಬ ಜನ ಇದ್ದರು. ಅಂದರೆ ನಿಮ್ಮ ಚಿಕ್ಕ ಹಳ್ಳಿಯ ಹೆಸರಿಗೆ ಮ್ಯಾಂಚೆಸ್ಟರ್, ಕೋಲ್ಚೆಸ್ಟರ್ ದಾಯಾದಿಗಳಲ್ಲ. ಇಡೀ ಎರಡು ಕೌಂಟಿಗಳೇ, ಅಂದರೆ ಜಿಲ್ಲೆಗಳೇ, ದಾಯಾದಿಗಳು. ಪುಸ್ತಿಕೆಯಲ್ಲಿ ಬರೆಯಲು ನನಗಂತೂ ಇದು ರೋಮನ್ ಕೋಟೆಗಿಂತ ಜಾಸ್ತಿ ಖುಷಿ ಕೊಡುವ ವಿಷಯ.

ಗುಮಾಸ್ತ ತಪ್ಪು ಬರೆದಿರಬಹುದಲ್ಲ ಅಂತ ಊರಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ, ಫ್ರೆಂಚ್ ಮಾತಾಡುವ ನಾರ್ಮನರ ಗುಮಾಸ್ತನಿಗೆ ಇಂಗ್ಲಿಷ್ ಬಾರದು, ಕಿವಿಗೆ ಬಿದ್ದದ್ದು ಬರೆದ ಅನ್ನುವುದು ಇಂಗ್ಲೆಂಡಿನ ಊರುಹೆಸರಿನ ಚರ್ಚೆಯಲ್ಲಿ ಎಲ್ಲದಕ್ಕೂ ಕೊಡುವ ಮದ್ದು. ಸ್ವಲ್ಪ ಹುಷಾರಾಗಿರಬೇಕು. ಡೂಮ್ಸ್‌ಡೇಯ ಮುಖ್ಯ ಸಂಪುಟ ಬಹುತೇಕ ಒಬ್ಬನದೇ ಕೈಬರಹ. ಅದರ ಜೊತೆಗಿನ ಸಂಪುಟವೂ ಸೇರಿದರೆ ಸುಮಾರು 13 ಸಾವಿರ ಊರುಗಳ ಲೆಕ್ಕ ಇದೆ. ಆ ಬರಹಗಾರನಿಗೆ ಚೆಸ್ಟರ್ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಿಮ್ಮ ಪಕ್ಕದ ಹಂಟಿಂಗ್ಡನ್‌ಷೈರಿನ ಗಾಡ್‌ಮಂಚೆಸ್ಟರ್ ನಿಜವಾಗಿಯೂ ರೋಮನ್ ಪಟ್ಟಣ ಇದ್ದ ಜಾಗ. ಅದನ್ನು ಅವನು 'ಗೋಡ್‌ಮುಂಡ್‌ಸೆಸ್ಟ್ರೆ' ಅಂತ ಸರಿಯಾಗಿಯೇ ಬರೆದಿದ್ದಾನೆ. ಅಲ್ಲಿ ಬರೆದವನು ಇಲ್ಲಿ ಯಾಕೆ ಬಿಡುತ್ತಾನೆ? ನಿಮ್ಮ ಊರಿನ ಹೆಸರಿನಲ್ಲಿ ಚೆಸ್ಟರ್ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ಇಂಥ ಸಂದೇಹ ಬಂದಾಗ ನಾವು ಮಾಡುವ ಕೆಲಸ ಇದೇ: ಅದೇ ಪುಸ್ತಕದಲ್ಲಿ ಅದೇ ಕೈ ಬೇರೆ ಊರನ್ನು ಹೇಗೆ ಬರೆದಿದೆ ಅಂತ ಹೋಲಿಸಿ ನೋಡುವುದು.

ಹಾಗಾದರೆ ಸೆಟೆ ಹೋಗಿ ಚೆಸ್ಟರ್ ಬಂದದ್ದು ಹೇಗೆ? ಎರಡು ಕಾರಣ ಸೇರಿಕೊಂಡಿವೆ.

ಒಂದು, ಸದ್ದು. ನಾರ್ಮನರು ಬಂದ ಮೇಲೆ ಚೆಸ್ಟರ್ ಕೊನೆಯ ಊರುಗಳನ್ನು ಸೆಸ್ಟ್ರೆ ಅಂತ ಹೇಳುವ, ಬರೆಯುವ ರೂಢಿ ಹರಡಿತು. ಲೆಸ್ಟರ್, ಗ್ಲಾಸ್ಟರ್ ಅಂತ ಇವತ್ತಿಗೂ ನಾವು ಕೇಳುವುದು ಆ ಉಚ್ಚಾರಣೆಯ ಉಳಿಕೆಯನ್ನೇ. ಈಗ 'ಗ್ರಾಂಟೆಸೆಟೆ', 'ಗ್ರಾಂಟೆಸೆಸ್ಟ್ರೆ' ಎರಡನ್ನೂ ಬೇಗ ಬೇಗ ಹೇಳಿ ನೋಡಿ. ನಡುವೆ ಎಷ್ಟು ಅಂತರ ಇದೆ?

ಎರಡು, ಅರ್ಥ. ಮಾತಿನಲ್ಲಿ ಸ್ಯಾಟೆ ಎಂಬ ಪದ ಸತ್ತುಹೋಗಿತ್ತು. ಗ್ರಾಂಟೆಸೆಟೆ ಅಂದರೆ ಏನು ಅಂತ ಊರಿನವರಿಗೇ ತಿಳಿಯದ ಕಾಲ ಬಂತು. ಅರ್ಥ ಸತ್ತ ಹೆಸರು ಹಾಗೇ ನಿಲ್ಲುವುದು ಕಷ್ಟ. ಹತ್ತಿರದ ಸದ್ದಿನ ಗೊತ್ತಿರುವ ಪದದ ಕಡೆ ಅದು ಜಾರುತ್ತದೆ. ಚೆಸ್ಟರ್ ಎಲ್ಲರಿಗೂ ಗೊತ್ತಿತ್ತು, ಸುತ್ತಮುತ್ತ ಊರುಗಳಿದ್ದವು. ಇದಕ್ಕೆ ಇನ್ನೊಂದು ಒತ್ತಾಸೆಯೂ ಇತ್ತು. ಕೇಂಬ್ರಿಡ್ಜ್‌ನ ಓದಿದವರ ಕೈಯಲ್ಲಿ ಬೀಡನ ಪುಸ್ತಕ ಇತ್ತು. ಅದರಲ್ಲಿ ಗ್ರಾಂಟಕೈಸ್ಟಿರ್ ಎಂಬ ಹೆಸರು ವಾರಸುದಾರರಿಲ್ಲದೆ ಕೂತಿತ್ತು, ಪಕ್ಕದಲ್ಲೇ ಗ್ರಾಂಟೆಸೆಟೆ ಇತ್ತು. ಜೋಡಿಸಲು ಎಷ್ಟು ಹೊತ್ತು?

ಈಗ ಕ್ಯಾಮ್ ಹೊಳೆಯ ವಿಚಾರ. ಕೇಂಬ್ರಿಡ್ಜ್ ಅಂದರೆ ಕ್ಯಾಮ್ ಹೊಳೆಯ ಸೇತುವೆ ಅಂತ ಯಾರು ಕೇಳಿದರೂ ಹೇಳುತ್ತಾರೆ. ಕೇಳಲು ತಕರಾರಿಲ್ಲದ ವಿವರಣೆ. ಆದರೆ ತಲೆಕೆಳಗು. ಹೊಳೆಯಿಂದ ಪಟ್ಟಣಕ್ಕೆ ಹೆಸರು ಬಂದಿಲ್ಲ, ಪಟ್ಟಣದಿಂದ ಹೊಳೆಗೆ ಬಂದಿದೆ.

ನಡೆದದ್ದು ಹೀಗೆ. ಗ್ರಾಂಟೆಬ್ರಿಜೆಯಲ್ಲಿ ಎರಡು ಕಡೆ ರಕಾರ ಇದೆ. ಒಂದೇ ಪದದಲ್ಲಿ ಎರಡು ರಕಾರ ಬಂದರೆ ನಾಲಿಗೆ ಒಂದನ್ನು ಬಿಟ್ಟುಬಿಡುವುದುಂಟು. ಮೊದಲ ರಕಾರ ಹೋಯಿತು, ಗಕಾರ ಕಕಾರ ಆಯಿತು. 12ನೇ ಶತಮಾನದ ಹೊತ್ತಿಗೆ ಕ್ಯಾಂಟೆಬ್ರಿಗ್ ಎಂಬ ರೂಪ ಬಳಕೆಗೆ ಬಂದಿತ್ತು. ಇದರಲ್ಲಿ ಫ್ರೆಂಚ್ ಮಾತಾಡುವ ಆಡಳಿತಗಾರರ ಪಾತ್ರ ಇದೆ ಅಂತ ಹೆಚ್ಚಿನವರು ಒಪ್ಪುತ್ತಾರೆ. ನಾಟಿಂಗ್‌ಹ್ಯಾಮ್ ಹೆಸರಿನ ಮೊದಲಲ್ಲಿದ್ದ ಸಕಾರ ಬಿದ್ದದ್ದೂ ಅದೇ ಕಾಲದ ಆಸುಪಾಸಿನಲ್ಲಿ. ಡೂಮ್ಸ್‌ಡೇಯಲ್ಲಿ ಅದು ಸ್ನೋಟಿಂಗೆಹ್ಯಾಮ್. ಸ್ನೋಟ್ ಎಂಬವನ ಜನರ ಊರು. ಈಗಿನ ಇಂಗ್ಲಿಷಿನಲ್ಲಿ ಸ್ನಾಟ್ ಅಂದರೆ ಸಿಂಬಳ. ಆ ಸಕಾರ ಉಳಿದಿದ್ದರೆ ಅಲ್ಲಿನವರಿಗೆ ಇವತ್ತು ಸ್ವಲ್ಪ ಮುಜುಗರವೇ ಆಗುತ್ತಿತ್ತು.

ಕ್ಯಾಂಟೆಬ್ರಿಗ್ ಲ್ಯಾಟಿನ್‌ನಲ್ಲಿ ಕ್ಯಾಂಟಾಬ್ರಿಜಿಯಾ ಆಯಿತು. ಕೇಂಬ್ರಿಡ್ಜ್ ಪದವೀಧರರು ಡಿಗ್ರಿಯ ಮುಂದೆ 'ಕ್ಯಾಂಟಬ್' ಅಂತ ಹಾಕಿಕೊಳ್ಳುವುದು ಅದರಿಂದಲೇ. ಆಮೇಲೆ ನಡುವಿನ ಟಕಾರ ಉದುರಿತು. ಉಳಿದದ್ದು ನಕಾರ, ಅದರ ಬೆನ್ನಿಗೇ ಬಕಾರ. ಇಲ್ಲಿ ಮುಂದೇನಾಯಿತು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂದ, ಅಂಬ ಎರಡರಲ್ಲೂ ನಾವು ಬರೆಯುವುದು ಒಂದೇ ಸೊನ್ನೆ. ಬಕಾರಕ್ಕೆ ಮೊದಲು ಬಂದಾಗ ತುಟಿ ತಾನಾಗಿ ಮುಚ್ಚಿ ಮಕಾರ ಆಗುತ್ತದೆ. ಅಲ್ಲೂ ಆಗಿದ್ದು ಅದೇ. 14ನೇ ಶತಮಾನದಲ್ಲಿ ಕೌಂಬ್ರಿಗ್, ಕ್ಯಾಂಬ್ರಿಗ್ ರೂಪಗಳು ಸಿಗುತ್ತವೆ.

ಹೀಗೆ ಮೊದಲ ಬಾರಿಗೆ ಹೆಸರಿನಲ್ಲಿ 'ಕ್ಯಾಮ್' ಕಾಣಿಸಿಕೊಂಡಿತು. ಜನ ನೋಡಿದರು. ಬ್ರಿಡ್ಜ್ ಅಂದರೆ ಸೇತುವೆ. ಹಾಗಾದರೆ ಕ್ಯಾಮ್ ಅಂದರೆ? ಹೊಳೆಯೇ ಇರಬೇಕು! 16-17ನೇ ಶತಮಾನದ ಹೊತ್ತಿಗೆ ಹೊಳೆಗೆ ಕ್ಯಾಮ್ ಎಂಬ ಹೆಸರು ಬಿದ್ದಿತ್ತು. ಮೇಲ್ಭಾಗಕ್ಕೆ ಮಾತ್ರ ಗ್ರಾಂಟಾ ಉಳಿಯಿತು. ನಿಮ್ಮ ಕಡೆಯವರು ಎರಡೂ ಹೆಸರು ಹೇಳುವುದು ಅದಕ್ಕೇ. ಯಾರೂ ತಪ್ಪು ಹೇಳುತ್ತಿಲ್ಲ.

ಊರಿನ ಹೆಸರಿನಿಂದ ಹೊಳೆಗೆ ಹೆಸರು ಹುಟ್ಟುವುದು ಇಲ್ಲಿ ಮಾತ್ರ ಅಲ್ಲ. ಲಂಡನ್ನಿನ ವಾಂಡಲ್ ಹೊಳೆಗೆ ಹೆಸರು ಕೊಟ್ಟದ್ದು ವಾಂಡ್ಸ್‌ವರ್ತ್. ಎಸೆಕ್ಸಿನ ಚೆಲ್ಮರ್‌ಗೆ ಚೆಲ್ಮ್ಸ್‌ಫರ್ಡ್, ಸಸೆಕ್ಸಿನ ಅರುನ್‌ಗೆ ಅರುಂಡೆಲ್. ನಿಮ್ಮಲ್ಲಿ ಸೋಜಿಗ ಏನೆಂದರೆ ಚಕ್ರ ಪೂರ್ತಿ ತಿರುಗಿದೆ. ಗ್ರಾಂಟಾ ಹೊಳೆ ಪಟ್ಟಣಕ್ಕೆ ಹೆಸರು ಕೊಟ್ಟಿತು, ಪಟ್ಟಣ ಆ ಹೆಸರನ್ನು ಸವೆಸಿ ಬೇರೆ ಮಾಡಿತು, ಸವೆದ ಹೆಸರನ್ನೇ ಹೊಳೆಗೆ ಹಿಂತಿರುಗಿಸಿತು. ಹೊಳೆಯ ಹಳೆಯ ಹೆಸರನ್ನು ಸ್ವಲ್ಪವೂ ಕೆಡಿಸದೆ ಇಟ್ಟುಕೊಂಡದ್ದು ನಿಮ್ಮ ಹಳ್ಳಿ. ಅದು ಕಳೆದುಕೊಂಡದ್ದು ಬಾಲವನ್ನು ಮಾತ್ರ.

ಇಲ್ಲಿ ಎರಡು ಕಟ್ಟುಕಥೆಗಳನ್ನೂ ಹೇಳಿಬಿಡುತ್ತೇನೆ, ಯಾರಾದರೂ ನಿಮ್ಮ ಮುಂದೆ ತಂದಿಡಬಹುದು. ರೋಮನ್ ಕಾಲದ ದಾರಿಪಟ್ಟಿಯಲ್ಲಿ ಕ್ಯಾಂಬೋರಿಟಮ್ ಎಂಬಂಥ ಒಂದು ಹೆಸರು ಇದೆ. ಸದ್ದು ಹತ್ತಿರ ಇದೆಯೆಂದು ಹಿಂದಿನ ವಿದ್ವಾಂಸರು ಅದೇ ಕೇಂಬ್ರಿಡ್ಜ್ ಅಂದರು. ಆಗಲು ಸಾಧ್ಯವೇ ಇಲ್ಲ. 14ನೇ ಶತಮಾನಕ್ಕೆ ಮುಂಚೆ ಆ ಊರಿನ ಹೆಸರಿನಲ್ಲಿ ಕ್ಯಾಮ್ ಇರಲೇ ಇಲ್ಲವಲ್ಲ! ಇನ್ನೊಂದು, 15ನೇ ಶತಮಾನದ ಒಂದು ಬರಹ. ಸ್ಪೇನಿನ ರಾಜಕುಮಾರ ಕ್ಯಾಂಟಬರ್ ಬಂದು ಕೇಂಬ್ರಿಡ್ಜ್ ಕಟ್ಟಿದ, ಅವನ ಮಗ ಗ್ರಾಂಟಿನಸ್ ಸೇತುವೆ ಹಾಕಿದ ಎಂಬ ಕಥೆ. ವಿಶ್ವವಿದ್ಯಾಲಯ ಆಕ್ಸ್‌ಫರ್ಡಿಗಿಂತ ಹಳೆಯದು ಅಂತ ತೋರಿಸಲು ಇದು ಚೆನ್ನಾಗಿ ಒದಗಿಬಂತು. ಕ್ಯಾಂಟ್, ಗ್ರಾಂಟ್ ಎರಡೂ ಯಾಕಿವೆ ಎಂಬ ಪ್ರಶ್ನೆಗೆ ಅಪ್ಪ-ಮಗನನ್ನು ಹುಟ್ಟಿಸಿ ಉತ್ತರ ಕೊಟ್ಟದ್ದು. ಕಥೆಗಾರನ ಜಾಣತನವನ್ನು ಮೆಚ್ಚಬೇಕು.

ಬೆಂದಕಾಳೂರಿನ ಮಾತೆತ್ತಿದ್ದೀರಿ. ಹೌದು, ಪರೀಕ್ಷೆ ಮಾಡುವ ಕ್ರಮ ಒಂದೇ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು ಅನ್ನುವ ಕಥೆ 12ನೇ ಶತಮಾನದ ರಾಜನದು. ಬೇಗೂರಿನ ಶಾಸನ ಸುಮಾರು 890ರದು, ಅದರಲ್ಲೇ ಬೆಂಗಳೂರು ಅಂತ ಇದೆ. ಕಥೆಗಿಂತ ಹೆಸರು ಹಳೆಯದಾದರೆ ಕಥೆಯಿಂದ ಹೆಸರು ಬರಲು ಆಗದು. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಬೆಂಗಳೂರಿನಲ್ಲಿ ಕಥೆ ಹೆಸರನ್ನು ಬದಲಿಸಲಿಲ್ಲ, ವಿವರಿಸಿತು ಅಷ್ಟೇ. ಗ್ರಾಂಟ್‌ಚೆಸ್ಟರಿನಲ್ಲಿ ತಪ್ಪು ತಿಳುವಳಿಕೆ ಹೆಸರಿನ ಒಳಗೇ ಹೊಕ್ಕಿದೆ.

ಇನ್ನು ಪುಸ್ತಿಕೆ. ನಿಮ್ಮ ಮುಂದೆ ಕೆಲವು ದಾರಿಗಳಿವೆ. ನೆರೆಯವರ ಕಥೆಯನ್ನೇ ಬರೆದುಬಿಡಬಹುದು. ಜಗಳ ಇಲ್ಲ. ಆದರೆ ನೀವಿರುವುದು ಕೇಂಬ್ರಿಡ್ಜ್ ಪಕ್ಕ. ಹಳೆಯ ಇಂಗ್ಲಿಷ್ ಓದಿದವರು ಭಾನುವಾರ ಮಧ್ಯಾಹ್ನ ಹುಲ್ಲುಗಾವಲಿನ ದಾರಿಯಲ್ಲಿ ನಡೆದುಕೊಂಡು ಬಂದು ನಿಮ್ಮ ಊರಿನಲ್ಲಿ ಟೀ ಕುಡಿಯುತ್ತಾರೆ. ಪುಸ್ತಿಕೆ ಅವರ ಕೈಗೆ ಸಿಕ್ಕೇ ಸಿಗುತ್ತದೆ. ಇಲ್ಲವೇ, ಚೆಸ್ಟರ್ ಸುಳ್ಳು, ರೋಮನ್ ಕಥೆ ಸುಳ್ಳು ಅಂತ ಕಡ್ಡಿ ಮುರಿದ ಹಾಗೆ ಬರೆಯಬಹುದು. ಅದೂ ಅರ್ಧ ಸತ್ಯವೇ. ಶತಮಾನಗಳಿಂದ ಜನ ಗ್ರಾಂಟ್‌ಚೆಸ್ಟರ್ ಅಂತಲೇ ಹುಟ್ಟಿ, ಮದುವೆಯಾಗಿ, ಸತ್ತಿದ್ದಾರೆ. ಆ ಹೆಸರು ಸುಳ್ಳಲ್ಲ, ಅದರ ಬಗ್ಗೆ ಹೇಳುವ ಕಾರಣ ಸುಳ್ಳು. ಮೇಲಾಗಿ ಹಿರಿಯರ ಮನಸ್ಸಿಗೆ ಸುಮ್ನೆ ನೋವು.

ನಾನಾಗಿದ್ದರೆ ರೂಪಗಳನ್ನು ಇಸವಿಯ ಪ್ರಕಾರ ಒಂದರ ಕೆಳಗೆ ಒಂದು ಬರೆದು, ಪಕ್ಕದಲ್ಲಿ ಕಥೆಯನ್ನೂ ಹೇಳುತ್ತಿದ್ದೆ. ಹಳ್ಳಿಗಳಲ್ಲಿ ಈ ವಿಷಯ ಮಾತಾಡುವಾಗ ನಾನು ಕಂಡದ್ದು ಏನೆಂದರೆ, ಜನ ಸಿಟ್ಟಾಗುವುದು ಕಥೆ ಕಿತ್ತುಕೊಂಡಾಗ. ಅದಕ್ಕಿಂತ ಹಳೆಯದೊಂದನ್ನು ಕೈಗೆ ಕೊಟ್ಟರೆ ಸಿಟ್ಟಾಗುವುದಿಲ್ಲ. ಮೊದಲು ಆ ನೆರೆಯವರಿಗೇ ಡೂಮ್ಸ್‌ಡೇಯ ಪುಟ ತೋರಿಸಿ. ಸಾಮರ್‌ಸೆಟ್ ನಿಮ್ಮ ನೆಂಟರು ಅಂತ ಹೇಳಿ. ಶವಪೆಟ್ಟಿಗೆಯ ಕಥೆಯನ್ನು ಬಿಡಲೇಬೇಡಿ. ಆ ದೋಣಿ ಬಂದದ್ದು ಇದೇ ಹೊಳೆಯಲ್ಲಿ ತಾನೇ? ಸ್ವಲ್ಪ ಕೆಳಗೇ ನಿಂತಿತು, ಅಷ್ಟೇ.

ಹಳೆಯ ರೂಪಗಳನ್ನು ಹುಡುಕುವಾಗ ಎಡವುವ ಜಾಗಗಳು ಕೆಲವಿವೆ. ಇಂಟರ್ನೆಟ್‌ನಲ್ಲಿರುವ ಡೂಮ್ಸ್‌ಡೇ ಪಟ್ಟಿಯಲ್ಲಿ ಮೇಲೆ ದೊಡ್ಡದಾಗಿ ಕಾಣುವುದು ಈಗಿನ ಹೆಸರು. ಈ ಹಳೆಯ ಹೆಸರು ಈ ಊರಿನದೇ ಅಂತ ನಿರ್ಧರಿಸಿದವರು ನಮ್ಮ ಕಾಲದವರು. ನಿಮ್ಮ ಊರಿನ ವಿಷಯದಲ್ಲಿ ಅನುಮಾನವಿಲ್ಲ, ಆದರೆ ಇಂಗ್ಲೆಂಡಿನಲ್ಲಿ ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ, ಬೇರೆ ಕಡೆ ಮೋಸ ಹೋಗಬಹುದು. ಹಳೆಯ ಕೈಬರಹದಲ್ಲಿ ಲ್ಯಾಟಿನ್ 'ಸಿ', 'ಟಿ' ಎರಡೂ ಅಕ್ಷರ ಒಂದೇ ಥರ ಕಾಣುತ್ತವೆ. ಅಚ್ಚಿನ ಪ್ರತಿಯಲ್ಲಿ ಸಂಪಾದಕರು ಒಂದನ್ನು ಇನ್ನೊಂದಾಗಿ ಓದಿರಬಹುದು. ಸೆಟೆ, ಸೆಸ್ಟ್ರೆ ವಿಷಯದಲ್ಲಿ ಇದು ಚಿಕ್ಕ ಮಾತಲ್ಲ.

ಎಲ್ಲಕ್ಕಿಂತ ದೊಡ್ಡ ಹೊಂಡ ಪ್ರತಿಗಳದ್ದು. ಒಂದು ದಾನಪತ್ರ 10ನೇ ಶತಮಾನದ್ದು ಅಂತಿರುತ್ತದೆ, ಆದರೆ ನಮ್ಮ ಕೈಗೆ ಸಿಕ್ಕಿರುವುದು 13ನೇ ಶತಮಾನದಲ್ಲಿ ಮಾಡಿದ ನಕಲು. ನಕಲು ಮಾಡಿದವನು ತನ್ನ ಕಾಲದಲ್ಲಿ ಊರನ್ನು ಹೇಗೆ ಕರೆಯುತ್ತಿದ್ದರೋ ಹಾಗೆ ಬರೆದುಬಿಟ್ಟಿರುತ್ತಾನೆ. ಅದನ್ನು 10ನೇ ಶತಮಾನದ ರೂಪ ಅಂತ ನಂಬಿದರೆ ಕೆಟ್ಟಿತು. ಕೇಂಬ್ರಿಡ್ಜ್‌ಷೈರಿಗೆ ಡೂಮ್ಸ್‌ಡೇ ಸಮೀಕ್ಷೆಯದೇ ಇನ್ನೊಂದು ಪಟ್ಟಿ ಪ್ರತ್ಯೇಕವಾಗಿ ಉಳಿದಿದೆ, ಹೆಚ್ಚಿನ ಕೌಂಟಿಗಳಿಗೆ ಈ ಭಾಗ್ಯ ಇಲ್ಲ. ಆದರೆ ಅದು ಸಿಕ್ಕಿರುವುದು 12ನೇ ಶತಮಾನದ ನಕಲಿನಲ್ಲಿ. ನೋಡಿ, ಬಳಸಿ. ಪಕ್ಕದಲ್ಲಿ ಮೂಲದ ಇಸವಿ, ನಕಲಿನ ಇಸವಿ ಎರಡೂ ಬರೆಯಿರಿ.

ಎಲ್ಲಿ ಹುಡುಕುವುದು ಅಂದರೆ, ಇಂಗ್ಲಿಷ್ ಪ್ಲೇಸ್-ನೇಮ್ ಸೊಸೈಟಿ ಅಂತ 1923ರಲ್ಲಿ ಶುರುವಾದ ಸಂಸ್ಥೆ ಒಂದಿದೆ. ಕೌಂಟಿಗೊಂದರಂತೆ ಸಂಪುಟ ತರುತ್ತದೆ, ಕೆಲವಕ್ಕೆ ಹಲವು. ಕೇಂಬ್ರಿಡ್ಜ್‌ಷೈರಿನ ಸಂಪುಟ 1943ರಲ್ಲಿ ಬಂತು. ಅದರಲ್ಲಿ ಊರಿನ ಹೆಸರು ಮಾತ್ರವಲ್ಲ, ಹೊಲ, ಬೀದಿ, ಹಳ್ಳಗಳ ಹೆಸರೂ ಸಿಗುತ್ತದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಂಟರ್ನೆಟ್‌ನಲ್ಲಿ ಊರುಹೆಸರುಗಳ ನಕ್ಷೆ ಇಟ್ಟಿದ್ದಾರೆ, ಬೇಗ ನೋಡಲು ಅದು ಸಾಕು. ಮೂಲ ಕಾಗದಗಳನ್ನೇ ನೋಡಬೇಕೆಂದರೆ ಕೌಂಟಿಯ ದಾಖಲೆ ಭಂಡಾರ ಈಲಿಯಲ್ಲಿದೆ. ಮಧ್ಯಕಾಲದ ಕೈಬರಹ ಓದುವುದು ಅಭ್ಯಾಸವಿಲ್ಲದಿದ್ದರೆ ಕಷ್ಟ. ಸಂಕ್ಷೇಪದ ಗೆರೆಗಳೇ ಅರ್ಧ ಇರುತ್ತವೆ. ಒಂದು ಪುಟದ ಬರಹಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ಜಾಗ ಉಳಿದರೆ ಇಂಗ್ಲೆಂಡಿನ ಹಳ್ಳಿಗಳು ಹೆಸರು ಬದಲಿಸಿದ ಬೇರೆ ದಾರಿಗಳನ್ನೂ ಒಂದೆರಡು ಸಾಲಿನಲ್ಲಿ ಹೇಳಬಹುದು. ಬಕಿಂಗ್‌ಹ್ಯಾಮ್‌ಷೈರಿನಲ್ಲಿ ಐಸೆನ್‌ಹ್ಯಾಂಪ್‌ಸ್ಟೆಡ್ ಅಂತ ಅಕ್ಕಪಕ್ಕದಲ್ಲಿ ಎರಡು ಹಳ್ಳಿ. ಗುರುತಿಗೆ ಒಂದಕ್ಕೆ ಚೆನೀಸ್, ಇನ್ನೊಂದಕ್ಕೆ ಲ್ಯಾಟಿಮರ್ಸ್ ಅಂತ ಜಮೀನ್ದಾರರ ಮನೆತನದ ಹೆಸರು ಸೇರಿಸಿದರು. ಬರುಬರುತ್ತಾ ಮೂಲ ಹೆಸರೇ ಹೋಯಿತು, ಮನೆತನದ್ದು ನಿಂತಿತು. ಈಗ ಅವು ಚೆನೀಸ್, ಲ್ಯಾಟಿಮರ್. ಬೀಡನ ಪುಸ್ತಕದಲ್ಲಿ ಸ್ಟ್ರಿಯೋನೆಶಾಲ್ಚ್ ಅಂತಿರುವ ಜಾಗ ಡೇನರು ಬಂದ ಮೇಲೆ ವಿಟ್ಬಿ ಆಯಿತು. ಅಲ್ಲಿ ಸವೆತವಿಲ್ಲ, ಪೂರ್ತಿ ಹೊಸ ಹೆಸರು. ಇನ್ನು ಕೆಲವು ಕಡೆ ಬಾಯಲ್ಲಿ ಹೆಸರು ಕರಗಿದೆ, ಬರಹದಲ್ಲಿ ನಿಂತಿದೆ. ನಾರ್ಫಕ್‌ನಲ್ಲಿ ವೈಮಂಡ್‌ಹ್ಯಾಮ್ ಅಂತ ಬೋರ್ಡ್ ಓದಿದರೆ ಅಲ್ಲಿಯವರು ನಗುತ್ತಾರೆ, ಅದು 'ವಿಂಡಂ'. ಹ್ಯಾಪಿಸ್‌ಬರ್ಗ್ ಅಂತ ಕಾಣುವುದನ್ನು 'ಹೇಜ್‌ಬ್ರ' ಅನ್ನಬೇಕು. ರೈಲು, ಶಾಲೆ, ಸರ್ಕಾರದ ನಕ್ಷೆ ಬಂದ ಮೇಲೆ ಬರಹ ಗಟ್ಟಿಯಾಯಿತು, ಕೆಲವು ಊರುಗಳಲ್ಲಿ ಹಳೆಯ ಉಚ್ಚಾರಣೆ ಹೋಗಿ ಬರೆದ ಹಾಗೇ ಓದುವ ರೂಢಿಯೂ ಬಂತು.

ಕೊನೆಗೆ ನಿಮ್ಮ ಯಜಮಾನರ ಆಸೆ. ಇಡಬಹುದು. ಆದರೆ 'ಗ್ರಾಂಟೆಸೆಟ' ಅನ್ನುವುದರ ಕೊನೆಯ ಅಕಾರ ಲ್ಯಾಟಿನ್ ದಾಖಲೆಗೆ ಹೊಂದಿಸಲು ಹಾಕಿದ್ದಿರಬಹುದು. ಊರಿನವರ ಬಾಯಲ್ಲಿ ಇದ್ದದ್ದು 'ಗ್ರಾಂಟೆಸೆಟೆ'ಗೆ ಹತ್ತಿರ ಇರಬೇಕು. ಜನ ಕರೆದ ಹೆಸರು ಬೇಕೆಂದರೆ ಎರಡನೆಯದನ್ನೇ ಇಡಿ. ಮನೆಗೆ ಈಗಾಗಲೇ ನಂಬರ್ ಇದ್ದರೆ ಹೆಸರು ಅದರ ಜೊತೆಗೆ ಬರಬೇಕು, ನಂಬರ್ ತೆಗೆಯುವಂತಿಲ್ಲ. ನಂಬರ್ ಇಲ್ಲದೆ ಹೆಸರೇ ವಿಳಾಸವಾಗಿರುವ ಮನೆಯಾದರೆ ಬದಲಿಸುವ ಮುಂಚೆ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕಬೇಕಾಗುತ್ತದೆ. ಬೋರ್ಡ್ ಮಾಡಿಸುವುದನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.